ಮನೆ ನೋಡಲು ಹೋದವರು ಗೋಡೆ ಮುಟ್ಟಿ ನೋಡಿ

ಮೊನ್ನೆ ಮೊಮ್ಮಗ ವಿಜಯಪುರದಲ್ಲಿ ಒಂದು ಮನೆ ನೋಡಿ ಬಂದ. ಕೊಳ್ಳುವ ಮನೆ. ಮೊಬೈಲಿನಲ್ಲಿ ವಿಡಿಯೊ ಹಚ್ಚಿ, "ಆಯಿ, ಮನಿ ಮಸ್ತ್ ಐತಿ, ಬರೋ ವಾರ ಸಂಚಕಾರ ಕೊಟ್ಟು ಬರ್ತೀನಿ" ಅಂದ. ವಿಡಿಯೊ ಎರಡು ನಿಮಿಷ ಇರಬಹುದು. ಅದರಲ್ಲಿ ಬಣ್ಣದ ದೀಪ ಇದೆ, ಅಡುಗೆಮನೆಯ ಕಪಾಟು ಇದೆ, ಮೇಲಿನ ಗ್ಯಾಲರಿಯಿಂದ ದೂರದಲ್ಲಿ ಗೋಳಗುಮ್ಮಟ ಕಾಣುವುದೂ ಇದೆ. ಗೋಡೆಯ ಬುಡ ಇಲ್ಲ. ಬಚ್ಚಲಿನ ಹಿಂದಿನ ಗೋಡೆ ಇಲ್ಲ. ಮಾಳಿಗೆ ಹತ್ತಿಯೇ ಇಲ್ಲ. ಗೋಡೆ ಮುಟ್ಟಿ ನೋಡಿದೆಯಾ ತಮ್ಮಾ ಎಂದು ಕೇಳಿದರೆ, "ಮುಟ್ಟೂದು ಯಾಕ, ಕಣ್ಣಿಗೆ ಕಾಣ್ತದಲ್ಲ" ಅನ್ನುತ್ತಾನೆ!

ಸಂತೆಯಲ್ಲಿ ಜೋಳ ಕೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು ನೋಡುತ್ತೇವೆ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತೇವೆ. ಇಪ್ಪತ್ತು ವರ್ಷ ಸಾಲ ಕಟ್ಟುವ ಮನೆಗೆ ಅಷ್ಟೂ ಇಲ್ಲವಾ? ಅವನೊಬ್ಬನೇ ಅಲ್ಲ, ಈಗಿನವರು ಎಲ್ಲರೂ ಹೀಗೇ ಮಾಡುತ್ತಾರೆ. ಬಾಡಿಗೆ ಮನೆ ಆಗಲಿ, ಕೊಳ್ಳುವ ಮನೆ ಆಗಲಿ, ನೋಡುವುದಕ್ಕೂ ಒಂದು ಕ್ರಮ ಇದೆ. ನೋಡಿದ್ದನ್ನು ಬರೆದಿಡುವುದಕ್ಕೂ ಇದೆ.

ಸಂಜೆ ಹೊತ್ತು ಹೋಗಬೇಡಿ. ದೀಪದ ಬೆಳಕಿನಲ್ಲಿ ಎಲ್ಲ ಮನೆಯೂ ಚಂದ. ಬೆಳಿಗ್ಗೆ ಹೋಗಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದು ಬ್ಯಾಟರಿ, ಒಂದು ಸೀಮೆಸುಣ್ಣ, ಒಂದು ನಾಣ್ಯ, ವಹಿ, ಪೆನ್ಸಿಲ್ ಇದ್ದರೆ ಸಾಕು. ಬಾಗಿಲಿನಿಂದ ಒಳಗೆ ಹೋದ ಕೂಡಲೇ ಬಲಗೈಯನ್ನು ಗೋಡೆಗೆ ಇಡಿ. ಆ ಕೈ ತೆಗೆಯದೆ ಗೋಡೆಗುಂಟ ಸುತ್ತುತ್ತಾ ಬನ್ನಿ. ಒಂದು ಕೋಣೆ ಮುಗಿದ ಮೇಲೆ ಇನ್ನೊಂದು. ಹೀಗೆ ಮಾಡಿದರೆ ಒಂದು ಮೂಲೆಯೂ ತಪ್ಪುವುದಿಲ್ಲ. ನಡುಮನೆಯಲ್ಲಿ ನಿಂತು ಕತ್ತು ತಿರುಗಿಸಿ ನೋಡುವವರಿಗೆ ಕಾಣುವುದು ಫ್ಯಾನು ಮಾತ್ರ.

ಗೋಡೆಯ ಬುಡದಿಂದ ಎರಡು ಗೇಣು ಎತ್ತರದವರೆಗೆ ಅಂಗೈ ಇಟ್ಟು ನೋಡಿ. ತಣ್ಣಗಿದೆಯಾ, ಬಣ್ಣ ಉಬ್ಬಿದೆಯಾ, ಬೆರಳಿಗೆ ಬಿಳಿ ಪುಡಿ ಹತ್ತುತ್ತದಾ? ನಮ್ಮ ಕಡೆ ಎಷ್ಟೋ ಬೋರಿನ ನೀರು ಸವಳು. ಅದೇ ನೀರಿನಲ್ಲಿ ಕಟ್ಟಿದ ಗೋಡೆಗೆ ಒಮ್ಮೆ ತೇವ ಏರಿತು ಎಂದರೆ ಉಪ್ಪು ಹೊರಗೆ ಬರುತ್ತಲೇ ಇರುತ್ತದೆ. ಮೇಲೆ ಎಷ್ಟು ಬಣ್ಣ ಹಚ್ಚಿದರೂ ಉದುರುತ್ತದೆ. ಇಡೀ ಮನೆ ಹಳೆಯದಾಗಿದ್ದು ಒಂದೇ ಗೋಡೆಗೆ ಹೊಸ ಬಣ್ಣ ಹಚ್ಚಿದ್ದರೆ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಬ್ಯಾಟರಿಯನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ಎದುರಿನಿಂದ ಕಾಣದ ಉಬ್ಬು, ತೇಪೆ ಎಲ್ಲ ನೆರಳು ಬಿದ್ದು ಕಾಣುತ್ತವೆ. ನಾಣ್ಯದಿಂದ ಅಲ್ಲಲ್ಲಿ ಬಡಿಯಿರಿ. ಟೊಳ್ಳು ಸಪ್ಪಳ ಬಂದರೆ ಗಿಲಾವು ಗೋಡೆ ಬಿಟ್ಟಿದೆ ಎಂದೇ ಅರ್ಥ. ನೆಲದ ಫರಸಿಗೂ ಹಾಗೇ.

ಛತ್ತಿನಲ್ಲಿ ಕಂದು ಕಲೆ, ಗಿಲಾವು ಉದುರಿ ಕಬ್ಬಿಣ ಕಾಣುವುದು ಇದ್ದರೆ ಒಳಗೆ ಸಳಿ ತುಕ್ಕು ಹಿಡಿದಿದೆ. ಅದು ಬಣ್ಣದ ಕೆಲಸ ಅಲ್ಲ, ದೊಡ್ಡ ಖರ್ಚು. ಚೌಕಟ್ಟಿನ ಬುಡವನ್ನು ಕೀಲಿಕೈಯಿಂದ ಚುಚ್ಚಿ ನೋಡಿ. ಒಳಗೆ ಇಳಿದರೆ ಒರಲೆ ತಿಂದಿದೆ. ಬಚ್ಚಲಲ್ಲಿ ಒಂದು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜು ಇನ್ವರ್ಟರು ಇದ್ದರೆ ಅವನ್ನೂ ತೆಗೆದು, ಮೀಟರಿನ ಸಣ್ಣ ದೀಪ ನೋಡಿ. ಆಗಲೂ ಮಿಣುಕುತ್ತಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ. ಸಂಪಿನಲ್ಲಿ ರಾತ್ರಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಮೋಟರು ಹಚ್ಚಬೇಡಿ ಎಂದು ಹೇಳಿ ಬನ್ನಿ. ಬೆಳಿಗ್ಗೆ ನೀರು ಗೆರೆಗಿಂತ ಇಳಿದಿದ್ದರೆ ಸಂಪು ಒಡೆದಿದೆ. ಇದೆಲ್ಲ ನಿಮಗೆ ಗೊತ್ತಿರುವುದೇ, ಆದರೆ ಯಾರೂ ಮಾಡುವುದಿಲ್ಲ.

ನನಗೆ ಇದನ್ನು ಕಲಿಸಿದವರು ನಮ್ಮ ಮಾವನವರು. ಹಳೆ ಬಾಗಲಕೋಟೆಯಲ್ಲಿ ನಮ್ಮದು ಮೇಲ್ಮುದ್ದೆಯ ಮನೆ, ಅಂದರೆ ಮಣ್ಣಿನ ಮಾಳಿಗೆಯದು. ಪ್ರತಿ ಬೇಸಿಗೆಯಲ್ಲಿ, ರೋಹಿಣಿ ಮಳೆಗಿಂತ ಮೊದಲು, ಅವರು ಮಾಳಿಗೆ ಹತ್ತಿ ಒಂದು ಸುತ್ತು ಹಾಕುತ್ತಿದ್ದರು. ಎಲ್ಲಿ ಮಣ್ಣು ಜರಿದಿದೆ, ಯಾವ ಜಂತೆ ಬಾಗಿದೆ, ಎಲ್ಲವನ್ನೂ ಇಳಿದು ಬಂದು ಖಾತೆ ವಹಿಯ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದರು. ನಾನು ಹೊಸ ಸೊಸೆ. ಇಷ್ಟೆಲ್ಲ ಯಾಕೆ ಬರೆಯುತ್ತಾರೆ ಅನಿಸುತ್ತಿತ್ತು.

ಆಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಏರಿ ಊರೊಳಗೆ ಬರುತ್ತದೆ ಎಂದಾಯಿತು. ಆಲಮಟ್ಟಿಯಲ್ಲಿ ನೀರು ಸಮುದ್ರಮಟ್ಟದಿಂದ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎನ್ನುವ 519.6 ಮೀಟರಿನ ಲೆಕ್ಕ ನಮ್ಮೂರಿನಲ್ಲಿ ಸಣ್ಣ ಹುಡುಗರ ಬಾಯಲ್ಲೂ ಇದೆ. ಮುಳುಗುವ ಮನೆಗಳನ್ನು ಪರಿಹಾರಕ್ಕಾಗಿ ಅಳೆಯಲು ಬಂದವರು ನಮ್ಮ ಮನೆಯಲ್ಲಿ ಕಾಲು ಗಂಟೆ ಇದ್ದರು. ಹೊರಗಿನ ಅಳತೆ ಹಿಡಿದು ಮಣ್ಣಿನ ಮನೆ ಎಂದು ಒಂದೇ ಸಾಲಿನಲ್ಲಿ ಬರೆದರು. ಮಾವನವರು ಜಗಳ ಮಾಡಲಿಲ್ಲ. ವಹಿ ತೆಗೆದರು. ಪಡಸಾಲೆಯಲ್ಲಿ ಸಾಗವಾನಿ ಕಂಬ ಆರು, ತೊಲೆ ನಾಲ್ಕು, ಕಲ್ಲಿನ ಗೋಡೆ ಒಂದೂವರೆ ಮೊಳ ದಪ್ಪ, ಫರಸಿ ಹಾಸಿದ್ದು ಯಾವ ವರ್ಷ, ಎಲ್ಲ ಓದಿ ಹೇಳಿದರು. ಬಂದವರು ಮತ್ತೆ ಒಳಗೆ ಬಂದು ಎಣಿಸಬೇಕಾಯಿತು. ಎಣಿಸಿದ್ದನ್ನು ಬರೆಯಬೇಕಾಯಿತು. ಪಕ್ಕದ ಮನೆಯವರ ಬಳಿ ಬರೆದದ್ದು ಏನೂ ಇರಲಿಲ್ಲ. ಅವರದು ಒಂದೇ ಸಾಲಿಗೆ ಮುಗಿಯಿತು. ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಬಂದ ಮೇಲೂ ಆ ಮನೆಯಾಕೆ ಅದನ್ನು ನೆನೆದು ಅಳುತ್ತಿದ್ದಳು.

ಈಗ ಬಿರುಕಿನ ವಿಷಯಕ್ಕೆ ಬರುತ್ತೇನೆ. ಇದರಲ್ಲೇ ಎಲ್ಲರೂ ತಪ್ಪುವುದು. ಒಂದೋ ಕೂದಲೆಳೆ ಬಿರುಕು ನೋಡಿ ಮನೆಯೇ ಬೇಡ ಎಂದು ಓಡಿ ಬರುತ್ತಾರೆ, ಇಲ್ಲಾ ಕಿರುಬೆರಳು ಹೋಗುವಂಥದ್ದನ್ನು ನೋಡಿ 'ಗೌಂಡಿ ಮುಚ್ಚಿ ಕೊಡ್ತಾನ' ಅನ್ನುತ್ತಾರೆ. ಛತ್ತು ಗೋಡೆ ಸೇರುವಲ್ಲಿ ಅಡ್ಡಕ್ಕೆ ಸಣ್ಣ ಗೆರೆ ಇದ್ದರೆ ಅದು ನಮ್ಮ ಬಿಸಿಲಿಗೆ ಛತ್ತು ಹಿಗ್ಗಿ ಕುಗ್ಗಿ ಬಂದದ್ದು. ಕಂಬಕ್ಕೂ ಇಟ್ಟಂಗಿಗೂ ನಡುವೆ ನೇರ ಗೆರೆ ಇದ್ದರೂ ಅಷ್ಟೊಂದು ಹೆದರಬೇಕಿಲ್ಲ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಇದ್ದರೆ, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಇದ್ದರೆ, ಪಾಯ ಅಲುಗಿದೆ. ನಮ್ಮದು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಪಾಯವನ್ನು ಕೆಳಗಿನ ಗಟ್ಟಿ ಗರಸು ನೆಲ ಸಿಗುವವರೆಗೆ ಇಳಿಸದಿದ್ದರೆ ಮನೆಯೂ ಅದರ ಜೊತೆ ಏರಿ ಇಳಿಯುತ್ತದೆ.

ಬಿರುಕು ಹಳೆಯದಾಗಿ ನಿಂತುಬಿಟ್ಟಿದೆಯಾ, ಇನ್ನೂ ನಡೆಯುತ್ತಿದೆಯಾ ಎಂದು ತಿಳಿಯಬೇಕು. ಒಳಗೆ ಧೂಳು, ಜೇಡರ ಬಲೆ, ಹಳೆ ಬಣ್ಣ ಇದ್ದರೆ ಹಳೆಯದು. ಅಂಚು ಚೂಪಾಗಿ, ಒಳಗೆ ಶುಭ್ರವಾಗಿದ್ದರೆ ಹೊಸದು. ಇದು ನಿಂತಲ್ಲೇ ತಿಳಿಯುವ ಮಾತು. ಆದರೆ ನಾನು ನಂಬುವುದು ಬಿರುಕಿಗೆ ಅಡ್ಡಲಾಗಿ ಅಂಟಿಸುವ ಕಾಗದದ ಪಟ್ಟಿಯನ್ನು. ಗೋಡೆ ಸರಿದರೆ ಅದು ಹರಿದು ತೋರಿಸುತ್ತದೆ. ನಲವತ್ತು ವರ್ಷದಿಂದ ನಂಬಿದ್ದೇನೆ.

ಮೊದಲು ಅಂಟು. ಮೈದಾ ಹಿಟ್ಟು ಎರಡು ಚಿಟಿಕೆ ಅಲ್ಲ, ಒಂದು ಮುಷ್ಟಿ. ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಗಾಜಿನಂತೆ ಹೊಳಪು ಬಂದಾಗ ಇಳಿಸಿ. ದಪ್ಪ ಆಗಬಾರದು, ದೋಸೆ ಹಿಟ್ಟಿನ ಹದ ಇರಬೇಕು. ಆರಿದ ಮೇಲೆ ಒಂದು ಹಳೆ ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಂಡು ಅದಕ್ಕೆ ಚೂರು ಮೈಲುತುತ್ತ ಹಾಕಿ. ಇಲ್ಲದಿದ್ದರೆ ಜಿರಳೆ ಬಂದು ಕಾಗದ ತಿನ್ನುತ್ತದೆ, ನೀವು ಗೋಡೆ ಸರಿಯಿತು ಎಂದುಕೊಳ್ಳುತ್ತೀರಿ. ಮೈಲುತುತ್ತ ವಿಷ. ಅಡುಗೆ ಪಾತ್ರೆಗೆ ತಾಗಿಸಬೇಡಿ, ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.   

ಕಾಗದಕ್ಕೆ ದಿನಪತ್ರಿಕೆಯೇ ಬೇಕು. ಕ್ಯಾಲೆಂಡರಿನ ನುಣುಪು ಹಾಳೆ ಬೇಡ, ಅದು ಗಟ್ಟಿ, ಹರಿಯುವುದಿಲ್ಲ. ಸೆಲ್ಲೊ ಟೇಪಂತೂ ಬೇಡವೇ ಬೇಡ, ಅದು ರಬ್ಬರಿನಂತೆ ಎಳೆಯುತ್ತದೆ. ಪತ್ರಿಕೆಯನ್ನು ಒಂದು ಕಡೆ ಹರಿದರೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆ ಸೊಟ್ಟ ಹರಿಯುತ್ತದೆ. ಸೊಟ್ಟ ಹರಿಯುವ ಕಡೆಗೆ ಉದ್ದ ಬರುವಂತೆ, ಕತ್ತರಿಯಿಂದ ಎರಡು ಬೆರಳು ಅಗಲ, ಒಂದು ಗೇಣು ಉದ್ದ ಪಟ್ಟಿ ಮಾಡಿ. ಆಗ ಗೋಡೆ ಸ್ವಲ್ಪ ಸರಿದರೂ ಪಟ್ಟಿ ನಡುವೆ ಅಡ್ಡಕ್ಕೆ ಸರಕ್ಕನೆ ಬಿಡುತ್ತದೆ.

ಬಿರುಕಿನ ಎರಡೂ ಬದಿ ಬಣ್ಣ ಕೆರೆದು ಗಿಲಾವು ಕಾಣುವಂತೆ ಮಾಡಿ. ಬಣ್ಣದ ಮೇಲೆ ಅಂಟಿಸಿದರೆ ಬಣ್ಣವೇ ಕಿತ್ತು ಬರುತ್ತದೆ. ಬಟ್ಟೆಯಿಂದ ಧೂಳು ಒರೆಸಿ. ಪಟ್ಟಿಯ ಎರಡು ತುದಿಗೆ ಮಾತ್ರ ಅಂಟು ಹಚ್ಚಿ. ನಡುವೆ ಎರಡು ಬೆರಳಷ್ಟು ಒಣದಾಗಿರಲಿ, ಆ ಒಣ ಭಾಗ ಬಿರುಕಿನ ಮೇಲೆ ಬರಲಿ. ಬಿಗಿಯಾಗಿ ಹಿಡಿದು ಅಂಟಿಸಿ. ಜೋತುಬಿದ್ದರೆ ತೆಗೆದು ಹೊಸದು ಹಚ್ಚಿ, ಬೇಸರ ಮಾಡಬೇಡಿ. ಬಿರುಕಿನ ಮೇಲ್ತುದಿಯ ಹತ್ತಿರ ಒಂದು, ನಡುವೆ ಒಂದು, ಕೆಳಗೆ ಒಂದು. ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಬಿರುಕು ಎಲ್ಲಿಗೆ ಮುಗಿದಿದೆಯೋ ಅಲ್ಲಿ ಗೋಡೆಗೇ ಒಂದು ಅಡ್ಡಗೆರೆ ಹಾಕಿ, ಅದಕ್ಕೂ ತಾರೀಖು. ಮತ್ತೆ ಬಿರುಕಿನ ಆಚೆ ಈಚೆ ಒಂದೊಂದು ಚಿಕ್ಕ ಗುಣಾಕಾರ ಗುರುತು ಮಾಡಿ, ನಡುವಿನ ಅಂತರವನ್ನು ಉಕ್ಕಿನ ಸ್ಕೇಲಿನಿಂದ ಅಳೆದು ವಹಿಯಲ್ಲಿ ಬರೆದಿಡಿ.

ಪಟ್ಟಿ ಹರಿದರೆ ಬಿರುಕು ಅಗಲವಾಗಿದೆ. ಉಬ್ಬಿ ನಿಂತರೆ ಎರಡು ಬದಿ ಹತ್ತಿರ ಬಂದಿವೆ, ಅಂದರೆ ಕೆಳಗಿನ ಮಣ್ಣು ಉಸಿರಾಡುತ್ತಿದೆ. ಮಳೆ ಹಿಡಿದ ದಿನ ನೋಡಬೇಡಿ, ಕಾಗದ ತಾನೇ ತೇವ ಹಿಡಿದು ಸಡಿಲಾಗಿರುತ್ತದೆ. ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ನೋಡಿ, ಗುರುತುಗಳ ಅಂತರ ಮತ್ತೆ ಅಳೆಯಿರಿ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರಿನಲ್ಲಿ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಅಂಟಿಸಿದ್ದು ದಸರೆಯ ಹೊತ್ತಿಗೆ ಪೂರ್ತಿ ಮಾತಾಡುತ್ತದೆ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಮೊದಲ ಸಲ ಹೋದಾಗಲೇ ಅಂಟಿಸಿ, ಖರೀದಿ ಪತ್ರದ ಮೊದಲು ಹೋಗಿ ನೋಡಿ. ಪಟ್ಟಿ ಹರಿದಿದ್ದರೆ ಗೌಂಡಿಯನ್ನಲ್ಲ, ಎಂಜಿನಿಯರನ್ನು ಕರೆಸಿ. ನಡೆಯುವ ಬಿರುಕಿಗೆ ಸಿಮೆಂಟ್ ತುಂಬಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ಗೋಡೆಯ ಹೊರಗೆ ನೀರು ನಿಲ್ಲುತ್ತದಾ, ಬಚ್ಚಲ ಪೈಪು ಒಡೆದಿದೆಯಾ, ಗೋಡೆಗೆ ತಾಗಿ ದೊಡ್ಡ ಗಿಡ ಇದೆಯಾ ಎನ್ನುವುದನ್ನೂ ನೋಡಿ.

ಇನ್ನು ಬರೆಯುವುದು. 'ಗೋಡೆ ಸರಿ ಇಲ್ಲ' ಎಂದು ಬರೆದರೆ ಏನು ಉಪಯೋಗ? ಯಾವ ಗೋಡೆ, ಎಲ್ಲಿ, ಎಷ್ಟು? ಹೀಗೆ ಬರೆಯಿರಿ: ಅಡುಗೆಮನೆ, ಪೂರ್ವ ಗೋಡೆ, ನೆಲದಿಂದ ಎರಡು ಗೇಣಿನ ಮೇಲೆ, ಅಂಗೈ ಅಗಲ ಬಣ್ಣ ಉಬ್ಬಿದೆ, ಬಿಳಿ ಪುಡಿ ಹತ್ತುತ್ತದೆ. ಕಂಡದ್ದನ್ನು ಬರೆಯಿರಿ, ಅಂದಾಜನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಸರಿ ಇರುವುದನ್ನೂ ಬರೆಯಬೇಕು. ಇಲ್ಲದಿದ್ದರೆ ಆ ಕೋಣೆ ನೋಡಿದ್ದೀರೋ ಇಲ್ಲವೋ ನಾಳೆ ನಿಮಗೇ ನೆನಪಿರುವುದಿಲ್ಲ. ಫೋಟೊ ತೆಗೆದರೆ ಪಕ್ಕದಲ್ಲಿ ನಾಣ್ಯ ಇಟ್ಟು ತೆಗೆಯಿರಿ, ಅಳತೆ ತಿಳಿಯಲಿ.

ಬಾಡಿಗೆಗೆ ಹೋಗುವವರು ಮೀಟರಿನ ಅಂಕಿ, ಫ್ಯಾನು ಎಷ್ಟು, ಕೀಲಿಕೈ ಎಷ್ಟು ಎನ್ನುವುದನ್ನೂ ಸೇರಿಸಿ ಎರಡು ಪ್ರತಿ ಮಾಡಿ. ಮಾಲೀಕರ ಮುಂದೆಯೇ ಓದಿ, ಇಬ್ಬರೂ ಸಹಿ ಮಾಡಿ, ಆಮೇಲೆ ಡಿಪಾಸಿಟ್ ಕೊಡಿ. ನಮ್ಮ ತಂಗಿಯ ಮಗಳು ಬಾಡಿಗೆ ಮನೆ ಬಿಡುವಾಗ, ಮೊದಲೇ ಸೀಳಿದ್ದ ಬೇಸಿನ್ನಿಗೆ ಅವಳ ಡಿಪಾಸಿಟ್ಟಿನಲ್ಲಿ ಹಣ ಮುರಿದುಕೊಂಡರು. 'ದೊಡ್ಡವ್ವ, ನಾ ಬಂದಾಗ್ಲೇ ಹಂಗ ಇತ್ತು' ಎಂದು ನನ್ನ ಮುಂದೆ ಹೇಳಿದಳು. ನನ್ನ ಮುಂದೆ ಹೇಳಿ ಏನು ಮಾಡುವುದು? ಕಾಗದದ ಮೇಲೆ ಇರಲಿಲ್ಲ.

ಮೊಮ್ಮಗ ನಿನ್ನೆ ಮತ್ತೆ ವಿಜಯಪುರಕ್ಕೆ ಹೋಗಿ ಬಂದ. ಅಂಟಿನ ಡಬ್ಬಿ ನಾನೇ ಕಟ್ಟಿ ಕೊಟ್ಟಿದ್ದೆ. ಹಿಂದಿನ ಕೋಣೆಯ ಕಿಟಕಿ ಮೂಲೆಯಲ್ಲಿ ಒಂದು ಓರೆ ಬಿರುಕು ಇದೆಯಂತೆ. ವಿಡಿಯೊದಲ್ಲಿ ಅಲ್ಲಿ ಪರದೆ ಇತ್ತು. ಮನೆಯವರನ್ನು ಕೇಳಿ ಮೂರು ಪಟ್ಟಿ ಅಂಟಿಸಿದ್ದಾನೆ, ಗುರುತುಗಳ ನಡುವೆ 42 ಮಿಲಿಮೀಟರ್ ಎಂದು ಬರೆದುಕೊಂಡು ಬಂದಿದ್ದಾನೆ. ದಸರೆ ಮುಗಿದ ಮೇಲೆ ಇಬ್ಬರೂ ಹೋಗಿ ಅಳೆಯುತ್ತೇವೆ. ಅಲ್ಲಿಯವರೆಗೆ ಸಂಚಕಾರ ಕೊಡಬೇಡ ಎಂದಿದ್ದೇನೆ.