ಕೊನೇ ಇನ್ನಿಂಗ್ಸ್‌ಗೆ ಮಾತ್ರ ಕರೆಯುತ್ತಿದ್ದ ಪಿಚರ್: ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು

ಮಗಳು ಹತ್ತನೇ ಕ್ಲಾಸು, ತುಮಕೂರಿನಲ್ಲಿ ಸಾಫ್ಟ್‌ಬಾಲ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು. ಮ್ಯಾಚ್‌ನ 7 ಇನ್ನಿಂಗ್ಸ್‌ನಲ್ಲಿ ಅವಳಿಗೆ ಸಿಗುತ್ತಿದ್ದದ್ದು ಕೊನೆಯದೊಂದು. ಬೆಂಚಿನಿಂದ ನೇರ ಎದ್ದು ಹೋಗಿ ಎಸೆದರೆ ಮೊದಲ ಚೆಂಡು ಆಚೆ. ಮನೆಗೆ ಬಂದರೆ ಗ್ಲೌಸ್ ಮೂಲೆಗೆ, ಊಟ ಬೇಡ.

ನಾನೇ ಕೋಚ್ ಹತ್ತಿರ ಮಾತಾಡಿದೆ, ಉಪಯೋಗವಾಗಲಿಲ್ಲ. ಭಾನುವಾರ 100 ಚೆಂಡು ಎಸೆಸಿದೆ, ಭುಜ ನೋವು ಬಂತು. ‘ಮುಂದಿನ ಮ್ಯಾಚ್‌ನಲ್ಲಿ ನೋಡೋಣ ಬಿಡು ಪುಟ್ಟಿ’ ಅಂದರೆ ಇನ್ನಷ್ಟು ಮೌನ.

ಕೆಲಸ ಮಾಡಿದ್ದು ಇದು. ಮ್ಯಾಚ್ ದಿನ ಬಿಟ್ಟು ಪ್ರಾಕ್ಟೀಸ್ ಮುಗಿದ ಮೇಲೆ ಅವಳೇ ಕೇಳಿದಳು: ‘ಸರ್, ನಾನು ಯಾವುದೊಂದನ್ನು ಸರಿ ಮಾಡ್ಕೋಬೇಕು?’ ಉತ್ತರ: ಮೊದಲ ಚೆಂಡು ಸ್ಟ್ರೈಕ್ ಆಗಬೇಕು, ಅಂದರೆ ಪ್ಲೇಟಿನ (ಬ್ಯಾಟರ್ ಪಕ್ಕ ನೆಲದಲ್ಲಿರುವ ಹಲಗೆ) ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯೆತ್ತರದೊಳಗೆ ಹಾದುಹೋಗಬೇಕು.

ಕಾಂಪೌಂಡ್ ಗೋಡೆಗೆ ಹಳೇ ಜಮಖಾನ ನೇತುಹಾಕಿ, ಸುಣ್ಣದಲ್ಲಿ ಮೊಣಕಾಲಿನಿಂದ ಎದೆಯವರೆಗೆ ಚೌಕ ಬರೆದೆವು. ಅಗಲ 17 ಇಂಚು, ಪ್ಲೇಟಿನಷ್ಟೇ. ದೂರ 43 ಅಡಿ. ವಾರಕ್ಕೆ ಮೂರು ದಿನ, ದಿನಕ್ಕೆ 30 ಚೆಂಡು, ಐದೈದರ ಆರು ಸರದಿ. ಪ್ರತಿ ಸರದಿಗೂ ಮೊದಲು ಎರಡು ನಿಮಿಷ ಕೂರಬೇಕು, ಬೆಂಚಿನಲ್ಲಿ ಕೂತ ಹಾಗೆ. ಲೆಕ್ಕಕ್ಕೆ ಬರುವುದು ಸರದಿಯ ಮೊದಲ ಚೆಂಡು ಮಾತ್ರ. ಈ ಕೂರುವುದನ್ನು ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ.

ಮ್ಯಾಚ್‌ನಲ್ಲಿ 4ನೇ ಇನ್ನಿಂಗ್ಸ್‌ನಿಂದಲೇ ಪಕ್ಕದಲ್ಲಿ ಮೈ ಬಿಸಿ: ಮೊದಲು ಮಣಿಕಟ್ಟು, ಆಮೇಲೆ ಅರ್ಧ ದೂರ, ಕೊನೆಗೆ ಪೂರ್ತಿ.

ಆರು ಸರದಿಯ ಮೊದಲ ಚೆಂಡುಗಳಲ್ಲಿ ಚೌಕಕ್ಕೆ ಬೀಳುತ್ತಿದ್ದದ್ದು ಒಂದು, ಎರಡು ತಿಂಗಳಲ್ಲಿ ನಾಲ್ಕಾಯಿತು. ಈಗ ಎರಡು ಇನ್ನಿಂಗ್ಸ್ ಸಿಗುತ್ತಿದೆ.