ದೊಡ್ಡ ಕರುಳಿನ ಆಪರೇಷನ್: ಕೊಲೈಟಿಸ್ ರೋಗಿಯ ತಯಾರಿ ಹೀಗಿರಲಿ

ಮಾತ್ರೆ, ಎನಿಮಾ, ಸ್ಟೀರಾಯ್ಡ್, ಬಯೋಲಾಜಿಕ್ ಇಂಜೆಕ್ಷನ್ ಎಂದು ವರ್ಷಗಟ್ಟಲೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ) ಜೊತೆ ಏಗಿದವರಿಗೆ ಒಂದು ದಿನ ವೈದ್ಯರು ‘ಸರ್ಜನ್ ಹತ್ತಿರ ಒಮ್ಮೆ ಮಾತಾಡಿಬಿಡಿ’ ಎನ್ನುತ್ತಾರೆ. ವೈದ್ಯರು ಕೈಚೆಲ್ಲಿದರು ಎಂದೇ ಹೆಚ್ಚಿನವರಿಗೆ ಅನಿಸುತ್ತದೆ, ಭೇಟಿಯನ್ನು ಮುಂದೂಡುತ್ತಾ ಹೋಗುತ್ತಾರೆ. ಈ ಮುಂದೂಡಿಕೆಯೇ ದುಬಾರಿ. ದಿನ ಗೊತ್ತುಮಾಡಿಕೊಂಡು ಮಾಡಿಸುವ ಆಪರೇಷನ್‌ಗೂ ಕರುಳು ಉಬ್ಬಿ ಒಡೆಯುವ ಹಂತಕ್ಕೆ ಬಂದಾಗ ತುರ್ತಾಗಿ ಮಾಡಿಸುವುದಕ್ಕೂ ಅಜಗಜಾಂತರ. ರಕ್ತಹೀನತೆ, ಸೊರಗಿದ ಮೈ, ಹೆಚ್ಚು ಡೋಸ್‌ನ ಸ್ಟೀರಾಯ್ಡ್ ಇವೆಲ್ಲ ಆಪರೇಷನ್ನಿನ ಅಪಾಯ ಹೆಚ್ಚಿಸುತ್ತವೆ. ಕೈಯಲ್ಲಿ ಕೆಲವು ವಾರ ಇದ್ದರೆ ಇವನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು.

ಮೊದಲು ‘ಯಾಕೆ, ಎಷ್ಟು ಬೇಗ’ ಎಂದು ಕೇಳಿ

ಆಪರೇಷನ್‌ಗೆ ಮುಖ್ಯವಾಗಿ ಮೂರು ಕಾರಣಗಳು. ಒಂದು, ಔಷಧಿ ನಾಟದಿರುವುದು ಅಥವಾ ಸ್ಟೀರಾಯ್ಡ್ ಕಡಿಮೆ ಮಾಡಿದ ಕೂಡಲೇ ಕಾಯಿಲೆ ತಿರುಗಿ ಬರುವುದು. ಎರಡು, ಕೊಲೊನೋಸ್ಕೋಪಿಯಲ್ಲಿ (ಗುದದ್ವಾರದಿಂದ ಕ್ಯಾಮೆರಾ ನಳಿಕೆ ತೂರಿಸಿ ದೊಡ್ಡ ಕರುಳು ನೋಡುವ ಪರೀಕ್ಷೆ) ತೆಗೆದ ಚೂರಿನಲ್ಲಿ ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆಯಾದ ಜೀವಕೋಶ ಬದಲಾವಣೆ ಕಾಣುವುದು. ಕಾಯಿಲೆ ಹಳೆಯದಾದಷ್ಟೂ ಈ ಸಾಧ್ಯತೆ ಏರುತ್ತದೆ. ಅದಕ್ಕೇ ಲಕ್ಷಣ ಶುರುವಾದ ಸುಮಾರು 8 ವರ್ಷಗಳ ನಂತರ ನಿಯಮಿತ ಕೊಲೊನೋಸ್ಕೋಪಿ ಮಾಡಿಸಲು ಹೇಳುವುದು. ಮೂರನೆಯದು ತುರ್ತು: ನಿಲ್ಲದ ರಕ್ತಸ್ರಾವ, ಕರುಳು ತೂತಾಗುವುದು, ಅಥವಾ ಆಸ್ಪತ್ರೆಯಲ್ಲಿ ನರಕ್ಕೆ ಸ್ಟೀರಾಯ್ಡ್ ಕೊಟ್ಟು, ಆಮೇಲೆ ಬೇರೆ ಔಷಧಿ ಕೊಟ್ಟರೂ ಉರಿಯೂತ ಇಳಿಯದಿರುವುದು.

ನೀವು ಯಾವ ಗುಂಪಿನವರು ಎಂಬುದರ ಮೇಲೆ ಸಮಯ ಎಷ್ಟಿದೆ ಎಂಬುದು ನಿಂತಿದೆ. ಮೊದಲ ಗುಂಪಿನವರಿಗೆ ಯೋಚಿಸಲು, ಇನ್ನೊಬ್ಬ ವೈದ್ಯರನ್ನು ಕೇಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಮೂರನೆಯ ಗುಂಪಿನವರಿಗೆ ಇರುವುದಿಲ್ಲ.

ಯಾವ ಆಪರೇಷನ್ ಎಂಬುದನ್ನು ತಿಳಿದುಕೊಳ್ಳಿ

‘ಕೆಟ್ಟ ಭಾಗವನ್ನಷ್ಟೇ ಕತ್ತರಿಸಿದರೆ ಸಾಲದೇ?’ ಎಂಬುದು ಎಲ್ಲರ ಮೊದಲ ಪ್ರಶ್ನೆ. ಸಾಮಾನ್ಯವಾಗಿ ಸಾಲದು. ಉಳಿಸಿದ ದೊಡ್ಡ ಕರುಳಿನಲ್ಲಿ ಕಾಯಿಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಇಡೀ ದೊಡ್ಡ ಕರುಳನ್ನು ತೆಗೆಯುತ್ತಾರೆ. ಗುದನಾಳವನ್ನು ಅದರ ಜೊತೆಗೇ ಅಥವಾ ಮುಂದಿನ ಹಂತದಲ್ಲಿ ತೆಗೆಯುತ್ತಾರೆ.

ಆಮೇಲೆ ದಾರಿ ಎರಡು. ಮೊದಲನೆಯದು ಶಾಶ್ವತ ಇಲಿಯಾಸ್ಟಮಿ: ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಮಡಿಚಿ ಹೊಲಿಯುತ್ತಾರೆ. ಹೊರಗೆ ಕಾಣುವ ಆ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಮಲ ಅದಕ್ಕೆ ಅಂಟಿಸಿದ ಬ್ಯಾಗ್‌ಗೆ ಬೀಳುತ್ತದೆ. ಎರಡನೆಯದು ಪೌಚ್: ಸಣ್ಣ ಕರುಳಿನ ಕೊನೆಯ ಭಾಗವನ್ನು ಮಡಿಚಿ ಒಂದು ಚೀಲ ಮಾಡಿ, ಅದನ್ನು ಗುದದ್ವಾರಕ್ಕೆ ಜೋಡಿಸುತ್ತಾರೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಸರ್ಜನ್‌ಗಳಾದ ಪಾರ್ಕ್ಸ್ ಮತ್ತು ನಿಕಲ್ಸ್ 1978ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವುದು ಅದರ ಸರಳ ರೂಪವಾದ ‘ಜೆ ಪೌಚ್’.

ಬ್ಯಾಗ್ ಇಲ್ಲ ಎಂದ ಕೂಡಲೇ ಪೌಚ್ ಕಡೆಗೆ ಮನಸ್ಸು ವಾಲುವುದು ಸಹಜ. ಆದರೆ ಲೆಕ್ಕ ಸರಿಯಾಗಿ ಹಾಕಿ. ಪೌಚ್ ಹೊಂದಿಕೊಂಡ ಮೇಲೂ ದಿನಕ್ಕೆ 4ರಿಂದ 8 ಸಲ, ಕೆಲವೊಮ್ಮೆ ರಾತ್ರಿಯೂ ಶೌಚಾಲಯಕ್ಕೆ ಹೋಗಬೇಕು. ಹಳೆಯ ಅವಸರ ಮಾತ್ರ ಇರುವುದಿಲ್ಲ, ತಡೆದುಕೊಳ್ಳಬಹುದು. ಪೌಚ್‌ನಲ್ಲೂ ಉರಿಯೂತ ಬರಬಹುದು, ಅದಕ್ಕೆ ಪೌಚೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ, ಕೆಲವರಿಗೆ ಪದೇಪದೇ ಕಾಡುತ್ತದೆ. ಪೌಚ್ ಒಂದೇ ಸಲಕ್ಕೆ ಮುಗಿಯುವುದೂ ಅಪರೂಪ. ಎರಡು ಅಥವಾ ಮೂರು ಆಪರೇಷನ್ ಬೇಕಾಗುತ್ತದೆ, ನಡುವೆ ಕೆಲವು ತಿಂಗಳು ತಾತ್ಕಾಲಿಕ ಸ್ಟೋಮಾ ಇದ್ದೇ ಇರುತ್ತದೆ. ಒಂದೇ ಸಲ ಮುಗಿಸಿ ಬ್ಯಾಗ್ ಜೊತೆ ಆರಾಮಾಗಿ ಓಡಾಡಿಕೊಂಡಿರುತ್ತೇನೆ ಎನ್ನುವವರದು ಸೋತವರ ಆಯ್ಕೆ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮಕ್ಕಳು ಬೇಕೆಂದಿರುವವರು ಈ ಹಂತದಲ್ಲೇ ಬಾಯಿ ಬಿಟ್ಟು ಹೇಳಬೇಕು. ಕಿಬ್ಬೊಟ್ಟೆಯ ಆಳದಲ್ಲಿ ಕತ್ತರಿ ಆಡಿದರೆ ಅಲ್ಲಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಹೆಂಗಸರಿಗೆ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗಬಹುದು. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಈ ತೊಂದರೆ ಕಡಿಮೆ. ಮೊದಲ ಹಂತದಲ್ಲಿ ದೊಡ್ಡ ಕರುಳನ್ನಷ್ಟೇ ತೆಗೆದು, ಹೆರಿಗೆ ಆದ ಮೇಲೆ ಮುಂದಿನದನ್ನು ಮಾಡುವ ದಾರಿಯೂ ಇದೆ. ಗಂಡಸರಲ್ಲಿ ಅಲ್ಲಿನ ನರಗಳಿಗೆ ಪೆಟ್ಟಾಗಿ ಲೈಂಗಿಕ ತೊಂದರೆ ಬರುವುದು ಕಡಿಮೆಯಾದರೂ ಇಲ್ಲವೆಂದಲ್ಲ. ಸರ್ಜನ್ ತಾವಾಗಿ ಎತ್ತದಿದ್ದರೆ ನೀವೇ ಎತ್ತಿ. ಅವರು ವರ್ಷಕ್ಕೆ ಎಷ್ಟು ಪೌಚ್ ಮಾಡುತ್ತಾರೆ ಎಂದು ಕೇಳುವುದರಲ್ಲೂ ತಪ್ಪಿಲ್ಲ. ಕೈ ಪಳಗಿದಷ್ಟೂ ಫಲಿತಾಂಶ ಒಳ್ಳೆಯದಿರುತ್ತದೆ.

ಮೈ ಗಟ್ಟಿ ಮಾಡಿಕೊಳ್ಳಿ

ಹಿಮೋಗ್ಲೋಬಿನ್, ಕಬ್ಬಿಣದಂಶ, ಅಲ್ಬುಮಿನ್ (ರಕ್ತದಲ್ಲಿನ ಒಂದು ಪ್ರೋಟೀನ್) ಪರೀಕ್ಷೆ ಮಾಡಿಸಿ. ಉರಿಯುತ್ತಿರುವ ಕರುಳಿಗೆ ಕಬ್ಬಿಣದ ಮಾತ್ರೆ ಒಗ್ಗದಿದ್ದರೆ ನರದ ಮೂಲಕ ಕೊಡುತ್ತಾರೆ. ತೂಕ ಇಳಿದಿದ್ದರೆ ಆಹಾರ ತಜ್ಞರನ್ನು ಕಾಣಿ. ಸಿಗರೇಟು ಬಿಡಿ. ದಿನಕ್ಕೆ 20 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ಸೋಂಕು ಮತ್ತು ಹೊಲಿಗೆ ಸೋರುವ ಅಪಾಯ ಜಾಸ್ತಿ, ಹಾಗಾಗಿ ಡೋಸ್ ಇಳಿಸಲು ನೋಡುತ್ತಾರೆ. ಆದರೆ ಇಳಿಸುವವರು ವೈದ್ಯರಾಗಿರಲಿ. ಸ್ಟೀರಾಯ್ಡ್ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.

ಸ್ಟೋಮಾ ಜಾಗ ಗುರುತು ಮಾಡಿಸಿಕೊಳ್ಳಿ

ಇಡೀ ತಯಾರಿಯಲ್ಲಿ ಒಂದೇ ಒಂದು ಕೆಲಸಕ್ಕೆ ಹಟ ಹಿಡಿಯಬೇಕೆಂದರೆ ಅದು ಇದು. ಆಪರೇಷನ್ ಟೇಬಲ್ ಮೇಲೆ ಮಲಗಿದ ಹೊಟ್ಟೆ ಎಲ್ಲರದ್ದೂ ಸಪಾಟಾಗಿಯೇ ಕಾಣುತ್ತದೆ. ಎದ್ದು ಕೂತಾಗಲೇ ಮಡಿಕೆಗಳು ಬೀಳುವುದು. ಸ್ಟೋಮಾ ಮಡಿಕೆಯಲ್ಲಿ ಸಿಕ್ಕಿಕೊಂಡರೆ ಬ್ಯಾಗ್ ನಿಲ್ಲುವುದಿಲ್ಲ, ದಿನಾ ಸೋರುತ್ತದೆ.

ಸ್ಟೋಮಾ ನರ್ಸ್ ಮೊದಲು ಮಲಗಿಸಿ ತಲೆ ಸ್ವಲ್ಪ ಎತ್ತಲು ಹೇಳುತ್ತಾರೆ. ಆಗ ಹೊಟ್ಟೆಯ ಮಧ್ಯದ ಎರಡೂ ಪಕ್ಕ ಉದ್ದಕ್ಕೆ ಗಟ್ಟಿಯಾಗುವ ಸ್ನಾಯು ಕೈಗೆ ಸಿಗುತ್ತದೆ. ಗುರುತು ಆ ಸ್ನಾಯುವಿನ ಮೇಲೆ ಬೀಳಬೇಕು, ಸಾಮಾನ್ಯವಾಗಿ ಹೊಕ್ಕುಳಿನ ಬಲಗಡೆ ಕೆಳಕ್ಕೆ. ಆಮೇಲೆ ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡುತ್ತಾರೆ. ಹಳೆಯ ಗಾಯದ ಕಲೆ, ಸೊಂಟಪಟ್ಟಿ ಬೀಳುವ ಗೆರೆ, ಮೂಳೆಯ ಅಂಚು ಎಲ್ಲವನ್ನೂ ತಪ್ಪಿಸಿ, ನಿಮ್ಮ ಕಣ್ಣಿಗೆ ಕಾಣುವ ಕಡೆ ಅಳಿಸದ ಪೆನ್ನಿನಿಂದ ಚುಕ್ಕೆ ಇಡುತ್ತಾರೆ. ಅವತ್ತು ದಿನನಿತ್ಯ ತೊಡುವ ಬಟ್ಟೆಯನ್ನೇ ತೊಟ್ಟು ಹೋಗಿ. ಕೂತು ಮಾಡುವ ಕೆಲಸವೋ ಬಗ್ಗಿ ಮಾಡುವ ಕೆಲಸವೋ ಹೇಳಿ. ಖಾಲಿ ಬ್ಯಾಗ್ ಒಂದನ್ನು ಕೇಳಿ ಪಡೆದು, ಸ್ವಲ್ಪ ನೀರು ತುಂಬಿ ಚುಕ್ಕೆಯ ಮೇಲೆ ಅಂಟಿಸಿಕೊಂಡು ಒಂದು ದಿನ ಓಡಾಡಿ ನೋಡಿ.

ಆಸ್ಪತ್ರೆಯಲ್ಲಿ

ಕೊಲೈಟಿಸ್ ಇರುವವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ, ಸಾಧ್ಯವಾದಷ್ಟು ಬೇಗ ಎಬ್ಬಿಸಿ ನಡೆಸುತ್ತಾರೆ. ಮನೆಗೆ ಹೋದ ಮೇಲೂ ಇಂಜೆಕ್ಷನ್ ಮುಂದುವರಿಸಬೇಕೇ ಎಂದು ಕೇಳಿ. ಗುದನಾಳ ಉಳಿಸಿದ್ದರೆ ಕೆಳಗಿನಿಂದ ಲೋಳೆ, ಒಮ್ಮೊಮ್ಮೆ ರಕ್ತ ಬರುತ್ತದೆ, ಗಾಬರಿ ಬೇಡ. ಡಿಸ್ಚಾರ್ಜ್ ಆಗುವ ಮುನ್ನ ನರ್ಸ್ ಎದುರಿಗೇ ಬ್ಯಾಗ್ ಬದಲಿಸಿ ಕೈ ಸಾಧಿಸಿಕೊಳ್ಳಿ. ಮನೆಯವರೊಬ್ಬರು ಕಲಿತರೆ ಒಳ್ಳೆಯದೇ, ಆದರೆ ಮೊದಲು ಕಲಿಯಬೇಕಾದವರು ನೀವು.

ಬ್ಯಾಗ್ ಬದಲಿಸುವುದು

ಬೆಳಿಗ್ಗೆ ಏನೂ ತಿನ್ನುವ, ಕುಡಿಯುವ ಮುನ್ನ ಬದಲಿಸಿದರೆ ಸ್ಟೋಮಾ ಸುಮ್ಮನಿರುತ್ತದೆ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ಹಳೆಯ ಬ್ಯಾಗನ್ನು ಮೇಲಿನಿಂದ ಕೆಳಕ್ಕೆ ನಿಧಾನ ಬಿಡಿಸಿ. ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಎಣ್ಣೆ, ಕ್ರೀಂ ತಾಗಿದರೆ ಅಂಟು ಹಿಡಿಯುವುದಿಲ್ಲ. ಸ್ಟೋಮಾ ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರಬೇಕು. ಒರೆಸುವಾಗ ಒಂದೆರಡು ಹನಿ ರಕ್ತ ಬರುವುದು ಮಾಮೂಲಿ. ಮುಟ್ಟಿದರೆ ನೋವಾಗದು, ಏಕೆಂದರೆ ಅಲ್ಲಿ ಚರ್ಮದಲ್ಲಿರುವಂಥ ನೋವಿನ ನರಗಳಿಲ್ಲ.

ಬ್ಯಾಗನ್ನು ಚರ್ಮಕ್ಕೆ ಹಿಡಿಸುವ ಅಂಟುಬಿಲ್ಲೆಯ ತೂತನ್ನು ಸ್ಟೋಮಾಗಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ಸಣ್ಣ ಕರುಳಿನಿಂದ ಬರುವ ದ್ರವದಲ್ಲಿ ಜೀರ್ಣರಸ ಇರುವುದರಿಂದ ಬಯಲಾಗಿ ಉಳಿದ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಮೊದಲ 6–8 ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಹಾಗಾಗಿ ಆಗಾಗ ಅಳತೆ ನೋಡಿ. ಚರ್ಮ ಪೂರ್ತಿ ಒಣಗಿದ ಮೇಲೆ ಅಂಟಿಸಿ, ಅಂಗೈಯನ್ನು ಒಂದೆರಡು ನಿಮಿಷ ಮೇಲಿಟ್ಟರೆ ಬಿಸಿಗೆ ಅಂಟು ಚೆನ್ನಾಗಿ ಕೂರುತ್ತದೆ. ಬಿಲ್ಲೆಯ ಅಡಿಯಲ್ಲಿ ತುರಿಕೆ, ಉರಿ ಶುರುವಾಯಿತೆಂದರೆ ಸೋರುತ್ತಿದೆ ಎಂದರ್ಥ. ಮೇಲೆ ಟೇಪ್ ಸುತ್ತಿ ಕಾಲ ತಳ್ಳಬೇಡಿ, ಆಗಲೇ ಬದಲಿಸಿ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಿ. ತುಂಬಿ ಭಾರವಾದರೆ ಅಂಟನ್ನೇ ಎಳೆಯುತ್ತದೆ.

ನೀರು, ಉಪ್ಪು, ಊಟ

ನೀರನ್ನೂ ಉಪ್ಪನ್ನೂ ಹೀರಿಕೊಳ್ಳುತ್ತಿದ್ದ ಅಂಗ ಈಗಿಲ್ಲ. ಬ್ಯಾಗ್‌ಗೆ ದಿನಕ್ಕೆ ಒಂದೂವರೆ ಲೀಟರ್‌ಗಿಂತ ಹೆಚ್ಚು ಹೋಗುತ್ತಿದ್ದು ಬಾಯಾರಿಕೆ, ತಲೆಸುತ್ತು, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ತಿಳಿಸಿ. ಇಂಥ ಹೊತ್ತಿನಲ್ಲಿ ಬರೀ ನೀರು ಲೀಟರುಗಟ್ಟಲೆ ಕುಡಿದರೆ ಕರುಳಿನಿಂದ ಇನ್ನಷ್ಟು ಉಪ್ಪು ಹೊರಟುಹೋಗುತ್ತದೆ. ವೈದ್ಯರು ಹೇಳಿದ ಅಳತೆಯಲ್ಲಿ ಕಲಸಿದ ಓಆರ್‌ಎಸ್ ಕುಡಿಯಬೇಕು.

ಮೊದಲ ವಾರಗಳಲ್ಲಿ ಮೆಕ್ಕೆಜೋಳದ ಕಾಳು, ಅಣಬೆ, ತೆಂಗು, ಗಟ್ಟಿ ಬೀಜ, ನಾರಿನ ತರಕಾರಿ ಸಿಕ್ಕಿಕೊಂಡು ದಾರಿ ಕಟ್ಟಬಹುದು. ಆಮೇಲೆ ಒಂದೊಂದಾಗಿ, ಚೆನ್ನಾಗಿ ಅಗಿದು ತಿಂದು ನೋಡಿ. ಹಲವು ಗಂಟೆ ಏನೂ ಹೊರಬರದೆ ಹೊಟ್ಟೆ ನುಲಿದು ವಾಂತಿಯಾದರೆ, ಅಥವಾ ಸ್ಟೋಮಾ ಕಡು ನೇರಳೆ, ಕಪ್ಪು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಭೇದಿಯಾಗಿಸುವ ಮಾತ್ರೆ ನುಂಗುವ ಸಾಹಸ ಬೇಡ. ನಿಧಾನವಾಗಿ ಕರಗುವಂಥ ಮಾತ್ರೆಗಳು ಪೂರ್ತಿ ಕರಗದೆ ಬ್ಯಾಗ್‌ಗೆ ಬೀಳುವುದುಂಟು. ಬೇರೆ ಯಾವ ಕಾಯಿಲೆಗೆ ಔಷಧಿ ಬರೆಸುವಾಗಲೂ, ಹಲ್ಲಿನ ಡಾಕ್ಟರಿಗೂ ಸೇರಿ, ದೊಡ್ಡ ಕರುಳಿಲ್ಲ ಎಂದು ಹೇಳಿಬಿಡಿ.