ಹರ್ಷೆಲ್ ಚಿತ್ರದಿಂದ ಗ್ಯಾಲಕ್ಸಿಯ ದೂಳಿನ ತಾಪ ಅಳೆಯುವುದು ಹೇಗೆ?

ಚಿತ್ರದುರ್ಗದ ಜೋಗಿಮಟ್ಟಿಯ ನೆತ್ತಿಯ ಮೇಲೆ ಎಷ್ಟೇ ದೊಡ್ಡ ದೂರದರ್ಶಕ ಹೂಡಿದರೂ ಗ್ಯಾಲಕ್ಸಿಗಳ ತಂಪು ದೂಳು ಸೂಸುವ 160 ಮೈಕ್ರಾನಿನ ಅವಕೆಂಪು ಬೆಳಕು ಸಿಗದು. ಗಾಳಿಯ ನೀರಾವಿ ಅದನ್ನು ಮೇಲೆಯೇ ಹೀರಿಬಿಡುತ್ತದೆ. ನಮ್ಮ ಬಯಲುಸೀಮೆಯ ಒಣಹವೆಯೂ ಸಾಲದು. ಆದರೆ ಯುರೋಪಿನ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ 2009ರಿಂದ 2013ರವರೆಗೆ ತೆಗೆದ ಚಿತ್ರಗಳು ಹರ್ಷೆಲ್ ಸೈನ್ಸ್ ಆರ್ಕೈವ್‌ನಲ್ಲಿ ಎಲ್ಲರಿಗೂ ಪುಕ್ಕಟೆ. ದಾವಣಗೆರೆಯ ಕಾಲೇಜು ಪ್ರಾಜೆಕ್ಟಿಗೆ ಒಂದು ಸಾಧಾರಣ ಲ್ಯಾಪ್‌ಟಾಪ್, ಚಿತ್ರ ನೋಡುವ ಡಿಎಸ್9 ತಂತ್ರಾಂಶ, ಪೈಥಾನಿನ ಆಸ್ಟ್ರೋಪೈ ಮತ್ತು ರೀಪ್ರೊಜೆಕ್ಟ್ ಪ್ಯಾಕೇಜುಗಳು ಇದ್ದರೆ ಕೆಲಸ ನಡೆಯುತ್ತದೆ.

ಮೊದಲ ಗುರಿಗೆ ಎನ್‌ಜಿಸಿ 628, ಅಂದರೆ ಎಂ74 ಗ್ಯಾಲಕ್ಸಿ ಒಳ್ಳೆಯದು. ದೂಳು ಬಿಸಿಯಾದಷ್ಟೂ 250 ಮೈಕ್ರಾನಿಗಿಂತ 160ರ ಪಾಲು ಹೆಚ್ಚುತ್ತದೆ; ಈ ಎರಡು ಚಿತ್ರಗಳ ಅನುಪಾತದಿಂದಲೇ ತಾಪ ತಿಳಿಯುವುದು. ಹರ್ಷೆಲ್‌ನ ಎರಡು ಉಪಕರಣಗಳಾದ ಪ್ಯಾಕ್ಸ್‌ನ 160 ಮೈಕ್ರಾನ್, ಸ್ಪೈರ್‌ನ 250 ಮೈಕ್ರಾನ್ ಚಿತ್ರಗಳನ್ನು ಇಳಿಸಿಕೊಳ್ಳಿ. ಸಂಸ್ಕರಿಸಿ ಸಿದ್ಧಪಡಿಸಿದ ಲೆವೆಲ್ 2 ಅಥವಾ 2.5 ಸಾಕು, ಕಚ್ಚಾ ದತ್ತಾಂಶದ ತಂಟೆ ಬೇಡ. ಸ್ಪೈರ್‌ನಲ್ಲಿ ಪಿಎಸ್‌ಡಬ್ಲ್ಯು ಎಂದರೆ 250. ಅದರ ವಿಸ್ತೃತ ಮೂಲಗಳ (ಬಿಂದುವಾಗಿರದೆ ಹರಡಿಕೊಂಡ ಕಾಯಗಳ) ನಕ್ಷೆಯನ್ನೇ ಆರಿಸಿ. ಪ್ಯಾಕ್ಸ್‌ನಲ್ಲಿ ಜೆಸ್ಕ್ಯಾನಮ್ ಅಥವಾ ಯೂನಿಮ್ಯಾಪ್ ಎಂಬ ವಿಧಾನದಲ್ಲಿ ಕಟ್ಟಿದ ನಕ್ಷೆ ಇರಲಿ. ನಿಧಾನದ ಏರಿಳಿತವನ್ನು ಅಳಿಸುವ ಹೈ-ಪಾಸ್ ಫಿಲ್ಟರ್ ಹಾಕಿದ ನಕ್ಷೆಯಲ್ಲಿ ಗ್ಯಾಲಕ್ಸಿಯ ಹರಡಿದ ಮಂದ ಬೆಳಕೂ ಕತ್ತರಿಸಿಹೋಗಿ, ಸುತ್ತ ಋಣ ಅಂಕಿಗಳ ಕುಳಿ ಬೀಳುತ್ತದೆ.

ಮುಂದೆ ಏಕಮಾನ. ಪ್ಯಾಕ್ಸ್ ನಕ್ಷೆ ಜಾನ್ಸ್ಕಿ (ಬರುವ ಬೆಳಕಿನ ಮಾನ) ಪ್ರತಿ ಪಿಕ್ಸೆಲ್, ಸ್ಪೈರ್‌ನ ವಿಸ್ತೃತ ನಕ್ಷೆ ಮೆಗಾಜಾನ್ಸ್ಕಿ ಪ್ರತಿ ಸ್ಟೆರೇಡಿಯನ್ (ಆಕಾಶದ ಹರವಿನ ಮಾನ). ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಪ್ಯಾಕ್ಸ್ ಅಂಕಿಯನ್ನು 42545ರಿಂದ ಗುಣಿಸಿ, ಪಿಕ್ಸೆಲಿನ ವಿಸ್ತೀರ್ಣದಿಂದ (ಚದರ ಆರ್ಕ್‌ಸೆಕೆಂಡುಗಳಲ್ಲಿ) ಭಾಗಿಸಿ. ಪಿಕ್ಸೆಲ್ ಅಳತೆ ಚಿತ್ರದ ಕಡತದ ಹೆಡರಿನಲ್ಲಿ ಡಿಗ್ರಿಯಲ್ಲಿರುತ್ತದೆ, 3600ರಿಂದ ಗುಣಿಸಲು ಮರೆಯಬೇಡಿ. ಈ ಪರಿವರ್ತನೆ, ಚಿತ್ರವನ್ನು 250ರ ಪಿಕ್ಸೆಲ್ ಗ್ರಿಡ್‌ಗೆ ಬದಲಿಸುವ ಮುಂಚೆಯೇ ಆಗಬೇಕು. ಆಮೇಲೆ ಪಿಕ್ಸೆಲ್ ಗಾತ್ರ ಬದಲಾಗಿ ಲೆಕ್ಕ ಕೆಡುತ್ತದೆ.

ಬಿಂದುವಿನಂಥ ಮೂಲವೂ ಚಿತ್ರದಲ್ಲಿ ಚುಕ್ಕೆಯಾಗಿ ಹರಡುತ್ತದೆ; 160ರಲ್ಲಿ ಆ ಚುಕ್ಕೆಯ ಅಗಲ (ಅರ್ಧ ಹೊಳಪಿನ ಮಟ್ಟದಲ್ಲಿ) ಸುಮಾರು 12 ಆರ್ಕ್‌ಸೆಕೆಂಡು, 250ರಲ್ಲಿ 18. ಹಾಗೆಯೇ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಪ್ರತಿ ಹೊಳಪಿನ ಸುತ್ತ ಸುಳ್ಳು ಬಳೆ ಮೂಡುತ್ತದೆ. ಚೂಪಾದ ಚಿತ್ರವನ್ನು 18²−12²ರ ವರ್ಗಮೂಲ, ಅಂದರೆ 13.4 ಆರ್ಕ್‌ಸೆಕೆಂಡು ಅಗಲದ ಗಾಸಿಯನ್‌ನಿಂದ (ಗಂಟೆಯಾಕಾರದ ಹರವು) ಮಸುಕು ಮಾಡಿ. ಪ್ರೋಗ್ರಾಂ ಕೇಳುವುದು ಅಗಲವನ್ನಲ್ಲ, ಗಾಸಿಯನ್‌ನ ಸಿಗ್ಮಾ (ಪ್ರಮಾಣ ವಿಚಲನೆ), ಅದೂ ಪಿಕ್ಸೆಲ್‌ಗಳಲ್ಲಿ: 13.4ನ್ನು 2.355ರಿಂದ, ಬಳಿಕ ಪಿಕ್ಸೆಲ್ ಅಳತೆಯಿಂದ ಭಾಗಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಪ್ಯಾಕ್ಸ್‌ನ ಚುಕ್ಕೆ ನಿಜಕ್ಕೂ ಗಾಸಿಯನ್ ಅಲ್ಲ, ಮೂರು ಕಿವಿಯದು. ಪ್ರಕಟಣೆಗಾದರೆ ಅದರದೇ ಕರ್ನೆಲ್ (ಮಸುಕು ಮಾಡುವ ಅಚ್ಚು) ಬೇಕು, ಪ್ರಾಜೆಕ್ಟಿಗೆ ಇದು ನಡೆಯುತ್ತದೆ. ಬಳಿಕ 250ರ ಗ್ರಿಡ್‌ಗೆ ಕೂರಿಸಿ.

ಇನ್ನು ಶೂನ್ಯದ ಮಟ್ಟ, ಎಲ್ಲಕ್ಕಿಂತ ತೊಡಕಿನದು. ಹರ್ಷೆಲ್‌ನ ಬೊಲೋಮೀಟರುಗಳು (ಬೆಳಕಿನ ಕಾವು ಅಳೆಯುವ ಡಿಟೆಕ್ಟರುಗಳು) 0.3 ಕೆಲ್ವಿನ್‌ನಲ್ಲಿದ್ದರೂ ಅದರ 3.5 ಮೀಟರ್ ಕನ್ನಡಿ ಸುಮಾರು 85 ಕೆಲ್ವಿನ್‌ನಲ್ಲಿತ್ತು. ಡಿಟೆಕ್ಟರಿಗೆ ಬಿದ್ದದ್ದರಲ್ಲಿ ಬಹುಪಾಲು ಆ ಕನ್ನಡಿಯದೇ ಕಾವು. ಆದ್ದರಿಂದ ಪ್ಯಾಕ್ಸ್ ನಕ್ಷೆಯ ಸೊನ್ನೆ ಆಕಾಶದ ಸೊನ್ನೆಯಲ್ಲ. ಸ್ಪೈರ್‌ನ ವಿಸ್ತೃತ ನಕ್ಷೆಗೆ ಪ್ಲಾಂಕ್ ಉಪಗ್ರಹದ ಅಳತೆಯಿಂದ ಸೊನ್ನೆ ಹೊಂದಿಸಿದ್ದಾರೆ, ಆದರೆ ಅದರಲ್ಲಿ ನಮ್ಮ ಕ್ಷೀರಪಥದ ದೂಳೂ ಸೇರಿರುತ್ತದೆ. ಎರಡೂ ಚಿತ್ರಗಳಲ್ಲಿ ಗ್ಯಾಲಕ್ಸಿಯಿಂದಾಚೆ ಅವೇ ಐದಾರು ಖಾಲಿ ಚೌಕ ಗುರುತಿಸಿ, ಅವುಗಳ ಮಧ್ಯಾಂಕ ಕಳೆಯಿರಿ. ಸರಾಸರಿ ಬೇಡ, ಹಿನ್ನೆಲೆಯ ಒಂದು ದೂರದ ಗ್ಯಾಲಕ್ಸಿ ಸಾಕು ಅದನ್ನು ಮೇಲೆತ್ತಲು. ಚೌಕದಿಂದ ಚೌಕಕ್ಕೆ ಬೆಲೆ ಏರುತ್ತಾ ಹೋದರೆ ಡಿಟೆಕ್ಟರಿನ ಜಾರಿಕೆ ಉಳಿದಿದೆ, ಇಲ್ಲವೆ ಮುಂದೆ ದೂಳಿನ ಮೋಡವಿದೆ.

ಈಗ 160ನ್ನು 250ರಿಂದ ಭಾಗಿಸಿ. ಬೀಟಾ (ತರಂಗದೂರಕ್ಕೆ ತಕ್ಕಂತೆ ದೂಳಿನ ಸೂಸುವಿಕೆ ಎಷ್ಟು ಬದಲಾಗುತ್ತದೆ ಎಂದು ಹೇಳುವ ಘಾತಾಂಕ) 2 ಎಂದು ಹಿಡಿದರೆ ಅನುಪಾತ 1.06ಕ್ಕೆ 15 ಕೆಲ್ವಿನ್, 1.76ಕ್ಕೆ 20, 2.36ಕ್ಕೆ 25. ಬೀಟಾ 1.5 ಆದರೆ ಅದೇ 1.76ಕ್ಕೆ ಸುಮಾರು 23.5 ಬರುತ್ತದೆ, ಹಾಗಾಗಿ ಯಾವ ಬೀಟಾ ಎಂದು ಬರೆಯದ ತಾಪನಕ್ಷೆಗೆ ಬೆಲೆಯಿಲ್ಲ. 20ರ ಆಸುಪಾಸಿನಲ್ಲಿ ಅನುಪಾತ ಶೇ. 10 ತಪ್ಪಿದರೆ ತಾಪ ಒಂದೂಕಾಲು ಕೆಲ್ವಿನ್‌ಗಿಂತ ಹೆಚ್ಚು ಕದಲುತ್ತದೆ. ಖಾಲಿ ಚೌಕಗಳ ಚೆದರಿಕೆಯ ಮೂರು ಪಟ್ಟಿಗಿಂತ ಮಂದವಾದ ಪಿಕ್ಸೆಲ್‌ಗಳನ್ನು ಮುಚ್ಚಿಬಿಡಿ. ಅಂಚಿನಲ್ಲಿ 60 ಕೆಲ್ವಿನ್ ಕಂಡರೆ ಅದು ಬರೀ ಗದ್ದಲ. 70 ಮೈಕ್ರಾನನ್ನು ಇದೇ ಲೆಕ್ಕಕ್ಕೆ ಸೇರಿಸಬೇಡಿ: ಎಳೆಯ ನಕ್ಷತ್ರಗಳ ಪಕ್ಕದ ಬಿಸಿ ದೂಳು ಅಲ್ಲಿ ಬೆರೆತು ತಾಪವನ್ನು ಮೇಲಕ್ಕೆ ಎಳೆಯುತ್ತದೆ.